ಅರಿಶಿನ ಚೌಕಡಿಯ ಕೊನೆಯ ತುಂಡು

ನಮ್ಮೂರಿನಲ್ಲಿ ಯಾರ ಮನೆಯ ಕೌದಿ ಅರ್ಧಕ್ಕೆ ನಿಂತಿದೆ ಎಂದು ತಿಳಿಯಲು ಯಾರನ್ನೂ ಕೇಳಬೇಕಾಗಿಲ್ಲ. ಆ ಮನೆಯ ಬಾಗಿಲ ಮುಂದೆ ಹಾದುಹೋದರೆ ಸಾಕು, ಸುಡುವ ಬಿಸಿಲಿನಲ್ಲೂ ಪಾದಕ್ಕೆ ತಣ್ಣಗೆ ತಾಗುತ್ತದೆ. ಹಳೆ ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿಯುವ ಕೌದಿಗೆ ಮೊದಲ ಹೊಲಿಗೆ ಬಿದ್ದ ಗಳಿಗೆಯಿಂದ ಕೊನೆಯ ಹೊಲಿಗೆ ಬೀಳುವವರೆಗೆ ಆ ಮನೆಯೊಳಗೆ ಚಳಿ. ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ, ಹಾಲಿಗೆ ಹೆಪ್ಪು ಹಾಕಿದರೆ ಹಾಲಾಗಿಯೇ ಉಳಿಯುತ್ತದೆ, ಜಗಳವಾಡಿದರೆ ಬಾಯಿಂದ ಹೊಗೆ ಬರುತ್ತದೆ. ಜಾಣೆಯರು ಯುಗಾದಿ ಮುಗಿದ ಮೇಲೆ ಒಂದು ಕೌದಿ ಶುರುಮಾಡಿ, ಬೇಸಿಗೆಯನ್ನು ಅದರ ತಂಪಿನಲ್ಲಿ ಕಳೆದು, ಮೊದಲ ಮಳೆಗೆ ಮುಗಿಸುತ್ತಾರೆ. ಉಳಿದವರು ದೀಪಾವಳಿಯಲ್ಲಿ ಶುರುಮಾಡಿ ಸಂಕ್ರಾಂತಿಯಲ್ಲಿ ಹಲ್ಲು ಕಟಕಟಿಸುತ್ತ ಕೂರುತ್ತಾರೆ. ಹೊಲಿದದ್ದನ್ನು ಬಿಚ್ಚುವ ಹಾಗಿಲ್ಲ, ಬಿಚ್ಚಿದರೆ ಆ ಮನೆಗೆ ಚಳಿ ಕಾಯಂ. ಮೊದಲ ತುಂಡು ಯಾವ ಬಟ್ಟೆಯದೋ ಕೊನೆಯ ತುಂಡೂ ಅದೇ ಬಟ್ಟೆಯದಾಗಿರಬೇಕು. ಅದರ ಹೊಟ್ಟೆಯಲ್ಲಿ ಒಂದು ಚಿಟಿಕೆ ಅಕ್ಕಿ, ಒಂದು ಚೂರು ಕೊಬ್ಬರಿ ಇಟ್ಟು ಹೊಲಿದು ಮುಚ್ಚಬೇಕು. ಕೌದಿಗೆ ಉಡಿ ತುಂಬುವುದು ಎನ್ನುತ್ತೇವೆ. ಬೇರೆ ಬಟ್ಟೆ ಹಾಕಿ ನೋಡಿದ ಮೇಧಾವಿಗಳೂ ಇದ್ದಾರೆ. ಮನೆ ಬೆಚ್ಚಗಾಗಲಿಲ್ಲ, ಅಷ್ಟೆ.

ಚಳಿಯನ್ನಾದರೂ ತಡೆದುಕೊಳ್ಳಬಹುದು, ಊರ ಬಾಯಿಯನ್ನು ತಡೆಯುವವರು ಯಾರು? 'ಏನವಾ, ಇನ್ನಾ ಮುಗದಿಲ್ಲೇನು?' ಎಂದು ಬೀದಿಯಲ್ಲಿ ಕೇಳಿಸಿಕೊಂಡ ಹೆಣ್ಣುಮಗಳು ದಾರ ಕೊಳ್ಳಲು ಪೇಟೆಗೆ ಹೋಗುವುದನ್ನೇ ಬಿಡುತ್ತಾಳೆ. ಅಂಥವರಿಗಾಗಿಯೇ ನಾನು ಫೋನಿನಲ್ಲಿ ಅಂಗಡಿ ತೆರೆದದ್ದು. ಪಾರಕ್ಕನ ಕೌದಿ ಸಾಮಾನು ಎಂದು ಹೆಸರು. ಸೂಜಿ, ದಾರ, ಹಳೆ ಸೀರೆಯ ತುಂಡು, ಒಳಗೆ ಹಾಸುವ ಧೋತರ. ಜನಕ್ಕೆ ಏನು ಬೇಕು ಎಂದು ಕಲಿಯುವಷ್ಟರಲ್ಲಿ ನನ್ನ ತಲೆ ಹಣ್ಣಾಯಿತು. ಮೊದಮೊದಲು ಬಟ್ಟೆಗೆ ಇಸ್ತ್ರಿ ಹಾಕಿ, ಮಾಳಿಗೆಯ ಬಿಸಿಲಿನಲ್ಲಿ ಹರಡಿ, ಚೆಂದವಾಗಿ ಫೋಟೋ ತೆಗೆದು ಹಾಕುತ್ತಿದ್ದೆ. 'ಫೋಟೋದಾಗ ಕುಂಕುಮ ಇತ್ತು, ಕೈಯಾಗ ಇಟ್ಟಂಗಿ ಬಣ್ಣ ಬಂತು' ಎಂದು ಪ್ಯಾಕೆಟ್ಟು ತಿರುಗಿ ಬರುತ್ತಿತ್ತು. ಈಗ ಒಂದು ಫೋಟೋ ಅಂಗಳದ ಬೆಳಕಿನಲ್ಲಿ, ಒಂದು ಅಡಿಗೆಮನೆಯ ಬಲ್ಬಿನ ಕೆಳಗೆ. ಬಣ್ಣ ಬಿಡುತ್ತದೆಯೋ ಇಲ್ಲವೋ ನೋಡಲು ಒಂದು ಮೂಲೆಯನ್ನು ನೀರಿನಲ್ಲಿ ಅದ್ದಿ, ಆ ನೀರಿನದೂ ಒಂದು ಫೋಟೋ. ಅವರಿಗೆ ಮೀಟರುಗಟ್ಟಲೆ ಬೇಡ, ಅಂಗೈಯಗಲ ಸಾಕು. ಎಲ್ಲಕ್ಕಿಂತ ಹೆಚ್ಚಾಗಿ, ಮುಟ್ಟಿ ನೋಡಲಾಗದ್ದನ್ನು ಯಾರಾದರೂ ಮುಟ್ಟಿ ಹೇಳಬೇಕು. 'ಅಕ್ಕಾ, ಗಲ್ಲಕ್ಕ ಹಚ್ಚಿ ನೋಡಿ ಹೇಳ' ಎಂದು ಧ್ವನಿ ಕಳಿಸುತ್ತಾರೆ. ನಾನು ಗಲ್ಲಕ್ಕೆ ಹಚ್ಚಿಕೊಂಡು ನೋಡಿ, ಒರಟಾಗಿದ್ದರೆ ಒರಟು ಎಂದೇ ಹೇಳುತ್ತೇನೆ.

ಇನ್ನೊಂದು ಬೇಡಿಕೆ ಎಲ್ಲರದೂ ಒಂದೇ. ಪ್ಯಾಕೆಟ್ಟಿನ ಮೇಲೆ ಹೆಸರಿರಬಾರದು. ನಮ್ಮ ಬಾಬುಸಾಬ ಸೈಕಲ್ಲಿನ ಮೇಲೆ ನುಗ್ಗೆಕಾಯಿ ಮಾರುತ್ತ, ಕಟ್ಟಿನ ನಡುವೆ ಪ್ಯಾಕೆಟ್ಟು ಸೇರಿಸಿ ಕೊಟ್ಟು ಬರುತ್ತಾನೆ. ಯಾರು ಏನು ಕೊಂಡರು ಎಂಬುದು ಅವನ ಬಾಯಿಂದಲೂ ಬರಬಾರದು, ನನ್ನ ಬಾಯಿಂದಲೂ ಬರಬಾರದು. ಅಂಗಡಿ ತೆರೆದ ದಿನ ದೇವರ ಮುಂದೆ ಆಡಿದ ಮಾತು ಅದು. ನನ್ನ ಬಾಯಿ ಎಂಥದೆಂದು ಊರಿಗೇ ಗೊತ್ತಿದೆ. ಆದರೆ ಇದೊಂದು ವಿಷಯದಲ್ಲಿ ನಾನು ಕಲ್ಲು.

ಹೀಗಿರುವಾಗ ಒಂದು ಮಧ್ಯಾಹ್ನ, ಹಂಚು ಕಾದು ಬಿರಿಯುವ ಬಿಸಿಲಿನಲ್ಲಿ, ಕಿವಿ ಮುಚ್ಚುವ ಉಣ್ಣೆಯ ಟೋಪಿ ಹಾಕಿಕೊಂಡು, ಮೈತುಂಬ ಕಂಬಳಿ ಹೊದ್ದು ತುಂಗವ್ವ ನಮ್ಮ ಮನೆಗೆ ನಡೆದೇ ಬಂದಳು. ನನ್ನ ಅಂಗಡಿಗೆ ನಡೆದು ಬಂದ ಮೊದಲ ಗಿರಾಕಿ ಅವಳು. ಅವಳಿಗೆ ಮುಚ್ಚಿಡುವುದೇನೂ ಇರಲಿಲ್ಲ. ಹೂವಿನ ಮಾರ್ಕೆಟ್ಟಿನ ಹಿಂದಿರುವ ಅವಳ ಮನೆ ಐದು ವರ್ಷದಿಂದ ತಣ್ಣಗಿದೆ. ಮಗಳು ಸರೂನ ಮದುವೆ ಗೊತ್ತಾದಾಗ ಕೌದಿ ಶುರುಮಾಡಿದ್ದಳು. ಮೊದಲ ತುಂಡು ಅರಿಶಿನ ಚೌಕಡಿಯದು, ಅರಿಶಿನ ಬಣ್ಣದ ಚೌಕುಳಿಯ ಹಳೆಯ ಮಗ್ಗದ ಸೀರೆಯದು. ಕೊನೆಗೆಂದು ಅದರದೇ ಇನ್ನೊಂದು ತುಂಡು ತೆಗೆದಿಟ್ಟಿದ್ದಳು. ಆ ಬೇಸಿಗೆಯಲ್ಲಿ ಹೂವಿನವರು ಬಾಡುವ ಮಲ್ಲಿಗೆಯನ್ನು ಅವಳ ಮನೆಯ ತಂಪಿನಲ್ಲಿ ಇಡತೊಡಗಿದರು. ಯಾರೋ ಅವಸರದಲ್ಲಿ ಆ ತುಂಡಿನಲ್ಲೇ ಹೂವಿನ ದಂಡೆಗಳನ್ನು ಕಟ್ಟಿ ಬಸ್ಸಿಗೆ ಹಾಕಿಬಿಟ್ಟರು. ಬೇಕೆಂದೇ ಮಾಡಿದ್ದಲ್ಲ. ಮಗ್ಗದವರು ಅರಿಶಿನ ಚೌಕಡಿ ನೇಯುವುದನ್ನು ಬಿಟ್ಟು ಆಗಲೇ ಎಷ್ಟೋ ಕಾಲವಾಗಿತ್ತು.

ಅಂದಿನಿಂದ ಅವಳ ಮನೆ ಮಲ್ಲಿಗೆಯ ಬುಟ್ಟಿಗಳಿಗೆ ಉಗ್ರಾಣ. ಹೂವಿನವರು ಅವಳನ್ನು ನೋಡಿಕೊಳ್ಳಲಿಲ್ಲ ಎಂದರೆ ಬಾಯಿಗೆ ಹುಳ ಬಿದ್ದೀತು. ಚಹಾ ಕಳಿಸುತ್ತಾರೆ, ಸೌದೆ ಹಾಕಿಸುತ್ತಾರೆ, ಸ್ವೆಟರ್ ಮೇಲೆ ಸ್ವೆಟರ್ ತೊಡಿಸುತ್ತಾರೆ, ಕೀಲು ಹಿಡಿದರೆ ಡಾಕ್ಟರನ್ನೂ ಕರೆಸುತ್ತಾರೆ. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ.

"ನಿನ್ನ ಫೋನಿನ್ಯಾಗ ಅರಿಶಿಣ ಚೌಕಡಿ ಬರ್ತಾವಂತಲ್ಲ ಪಾರೀ?" ಎಂದಳು ತುಂಗವ್ವ, ಬಾತ ಬೆರಳುಗಳನ್ನು ನನ್ನ ಒಲೆಯ ಮುಂದೆ ಹಿಡಿದು.

"ಅಪರೂಪಕ್ಕ ಬರ್ತಾವ ಅತ್ತಿ. ಬಂದ ಕೂಡ್ಲೇ ಹೋಗಿಬಿಡ್ತಾವ."

"ಯಾರ ತಗೋತಾರವಾ ಅಷ್ಟು?"

ನಾನು ಒಲೆಗೆ ಇನ್ನೊಂದು ಸೌದೆ ಇಟ್ಟೆ. ಅವಳು ಒತ್ತಾಯಿಸಲಿಲ್ಲ. "ಹೇಳಬ್ಯಾಡ ಬಿಡು, ನಿನ್ನ ಮಾತು ನನಗೂ ಗೊತ್ತೈತಿ. ಸರೂಗ ದಿನಾ ತುಂಬಾಕ ಬಂದಾವ. ಚೊಚ್ಚಲ ಬಾಣಂತನ. ಅಲ್ಲಿ ಆಕಿ ಅತ್ತಿ ಹಾಸಿಗಿ ಹಿಡದಾಳ, ನೋಡವರಿಲ್ಲ. ಇಲ್ಲಿ ತರಬೇಕಂದ್ರ ಈ ಮನಿ ಹಿಂಗ. ಆಕಿಗರ ಮೊದಲ ಉಬ್ಬಸ. ಐದು ವರ್ಷಾತು ಪಾರೀ, ನನ್ನ ಮಗಳು ಹೊಸ್ತಿಲದಾಗ ನಿಂತು ಚಾ ಕುಡದು ಹೋಗ್ತಾಳ. ಒಂದು ರಾತ್ರಿ ತವರಮನ್ಯಾಗ ಮಲಗಿಲ್ಲ." ಅವಳ ಕಣ್ಣಲ್ಲಿ ನೀರು ಬರಲಿಲ್ಲ. ನನಗೇ ಬಂತು. "ಬರೂ ಹುಣ್ಣಿವಿಯೊಳಗ ಮನಿ ಬೆಚ್ಚಗಾದ್ರ ಕಳಸ್ತೀವಿ ಅಂದಾರ. ಇಲ್ಲಂದ್ರ ಕೂಲಿ ಹೆಂಗಸಿನ ಕೈಯಾಗ ನೀರ ಎರಸ್ತಾರ. ಅಂಗೈಯಗಲ ಬಟ್ಟಿ. ಅಷ್ಟ ಬೇಕು ನನಗ."

ಅವಳು ಹೋದ ಮೇಲೆ ನಾನು ಒಲೆಯ ಮುಂದೆಯೇ ಕೂತಿದ್ದೆ. ಯಾರು ಕೊಂಡರು ಎಂಬುದು ನನಗೆ ಗೊತ್ತಿಲ್ಲವೇ? ಬೇರೆ ಬೇರೆ ಹೆಸರಿನಲ್ಲಿ ಆರ್ಡರ್ ಬರುತ್ತಿದ್ದರೂ ಬಾಬುಸಾಬನ ಸೈಕಲ್ಲು ನಿಲ್ಲುತ್ತಿದ್ದದ್ದು ಒಂದೇ ಬಾಗಿಲಲ್ಲಿ. ಹೂವಿನ ಮಾರ್ಕೆಟ್ಟಿನ ಹಿರಿಯ ಬಸಲಿಂಗಪ್ಪನ ಬಾಗಿಲು ಅದು. ಹೂವಿನವರಿಗೆ ಅರಿಶಿನವೆಂದರೆ ಇಷ್ಟವಿರಬೇಕು ಎಂದುಕೊಂಡು ನಾನು ಸಂತೋಷದಿಂದ ಕಟ್ಟಿಕೊಟ್ಟಿದ್ದೆ. ನೋಡಿ ನನ್ನ ಬುದ್ಧಿ! ತುಂಗವ್ವನ ಮನೆ ತಣ್ಣಗಿರಲೆಂದೇ ಆ ಮನುಷ್ಯ ಊರಿಗೆ ಬಂದ ಅರಿಶಿನ ಚೌಕಡಿಯನ್ನೆಲ್ಲ ಎತ್ತಿಡುತ್ತಿದ್ದಾನೆ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಬೀದಿಯಲ್ಲಿ ನಿಂತು ಅವನ ಹೆಸರು ಕೂಗಬೇಕೆನಿಸಿತು. ಕೂಗಿದರೆ ನಾಳೆಯಿಂದ ಯಾವ ಹೆಣ್ಣುಮಗಳೂ ನನ್ನನ್ನು ನಂಬುವುದಿಲ್ಲ. ನಾಲಿಗೆ ಕಚ್ಚಿಕೊಂಡೆ. ಆದರೆ ತುಂಗವ್ವನಿಗೆ ಆ ತುಂಡು ದೊರಕಿಸದೆ ನಾನು ಬಿಡುವುದಿಲ್ಲ ಎಂದು ಅಲ್ಲೇ ಒಲೆಯ ಮುಂದೆ ನಿಶ್ಚಯ ಮಾಡಿದೆ.

ಮೊದಲು ಹುಡುಕಿದೆ. ನೇಕಾರರ ಓಣಿಯಲ್ಲಿ ಮನೆಮನೆಗೆ ಹೋದೆ, ಅಟ್ಟದ ಗಂಟುಗಳನ್ನು ಬಿಚ್ಚಿಸಿದೆ. ಪಾತ್ರೆಗೆ ಹಳೆ ಸೀರೆ ಕೊಳ್ಳುವವರನ್ನು ನಿಲ್ಲಿಸಿ ಅವರ ಮೂಟೆ ಕೆದಕಿದೆ. ದೂರದೂರುಗಳ ಫೋನ್ ಅಂಗಡಿಗಳಲ್ಲಿ ಗಿರಾಕಿಯಾಗಿ ನಿಂತೆ. ಗಿರಾಕಿಯ ಕಷ್ಟ ಗಿರಾಕಿಯಾದಾಗಲೇ ತಿಳಿಯುವುದು. ಒಬ್ಬರು ಫೋಟೋದಲ್ಲಿ ಚೌಕಡಿ ತೋರಿಸಿ ಗೀರಿನ ಬಟ್ಟೆ ಕಳಿಸಿದರು. ಇನ್ನೊಬ್ಬರದು ಚೌಕಡಿಯೇ, ಆದರೆ ನಿಂಬೆಹಣ್ಣಿನ ಬಣ್ಣ. ಗಲ್ಲಕ್ಕೆ ಹಚ್ಚಿ ನೋಡಿ ಹೇಳಿ ಎಂದರೆ ಮತ್ತೊಬ್ಬರು ನಕ್ಕು ಫೋನಿಟ್ಟರು. ಮಾರುವವರಲ್ಲಿ ಒಬ್ಬರಾದರೂ ಆ ಬಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಿರಲಿಲ್ಲ. ಅಷ್ಟರಲ್ಲಿ ಚಂದ್ರ ಅರ್ಧ ತುಂಬಿದ್ದ.

ಆಗ ನಾನು ಅಂಗಡಿ ಮುಚ್ಚಿದೆ. ಬಟ್ಟೆಗಳ ಫೋಟೋಗಳನ್ನೆಲ್ಲ ತೆಗೆದುಹಾಕಿ ಒಂದೇ ಮಾತು ಬರೆದೆ. 'ಇಷ್ಟು ದಿನ ನಿಮಗೆ ಏನು ಬೇಕು ಎಂದು ನಾನು ಕೇಳಿದೆ. ಈಗ ಅಂಗಡಿಗೇ ಒಂದು ವಸ್ತು ಬೇಕಾಗಿದೆ. ಅರಿಶಿನ ಚೌಕಡಿ, ಅಂಗೈಯಗಲ, ತುಂಗವ್ವನ ಮಗಳ ಬಾಣಂತನಕ್ಕೆ. ಅದು ಬರುವ ತನಕ ಸೂಜಿಯೂ ಇಲ್ಲ, ದಾರವೂ ಇಲ್ಲ.'

ಊರು ಹುಚ್ಚೆದ್ದಿತು. ನೀನು ಮಾಡುವುದು ನ್ಯಾಯವೇ, ನನ್ನ ಮನೆಯಲ್ಲಿ ಎರಡೇ ಸಾಲು ಬಾಕಿ ಇದೆ ಎಂದು ಬೈದವರಿದ್ದಾರೆ. ಅವರ ಸಿಟ್ಟು ಸುಳ್ಳಲ್ಲ. ಅವರಲ್ಲೂ ಎಳೆಮಕ್ಕಳಿದ್ದ ಮನೆಗಳಿದ್ದವು. ಅಂಥವರಿಗೆ ಬಾಬುಸಾಬ ನುಗ್ಗೆಕಾಯಿಯ ಜೊತೆ ದಾರ ಕೊಟ್ಟು ಬಂದ, ನಾನು ನೋಡದವಳಂತೆ ಇದ್ದೆ. ಉಳಿದವರು ಬೈಯುತ್ತಲೇ ತಮ್ಮ ಪೆಟ್ಟಿಗೆ ತಡಕಿದರು. ಯಾರ ಬಳಿಯೂ ಇರಲಿಲ್ಲ.

ಬಸಲಿಂಗಪ್ಪನೇ ಬಂದ. ಬಿಳಿ ಅಂಗಿ, ಕಿವಿಯಲ್ಲಿ ಮಲ್ಲಿಗೆ ಮೊಗ್ಗು. ಜೇನಿನಂಥ ಮಾತು.

"ತಂಗೀ, ತುಂಗವ್ವ ನಮ್ಮವ್ವ ಇದ್ದಂಗ. ಸರೂನ ಬಾಣಂತನ ಆಸ್ಪತ್ರ್ಯಾಗ ಮಾಡಸ್ತೀವಿ, ಮಾರ್ಕೆಟ್ಟಿನವರೆಲ್ಲಾ ಕೂಡಿ. ಸ್ಪೆಶಲ್ ರೂಮು. ನೀ ಯಾಕ ಊರಿಗೆಲ್ಲಾ ತ್ರಾಸ ಕೊಡ್ತಿ?"

"ಆಸ್ಪತ್ರಿ ತವರಮನಿ ಆಕ್ಕೈತೇನ್ರಿ ಅಣ್ಣಾರ?"

"ಹಂಗಲ್ಲ. ಆ ಮನಿ ಬೆಚ್ಚಗಾತಂದ್ರ ನಾಕು ಓಣಿ ಮಲ್ಲಿಗಿ ಬಾಡ್ತೈತಿ. ಹೂವ ಕಟ್ಟು ಹೆಂಗಸರು ಉಪಾಸ ಬೀಳ್ತಾರ. ಒಬ್ಬಾಕಿ ಚಳಿ ತಡಕೊಂಡ್ರ ನಾಕು ಓಣಿ ಉಣ್ತೈತಿ."

"ಹೌದ್ರಿ," ಎಂದೆ. "ಹಂಗಾರ ಆ ಒಬ್ಬಾಕಿ ನಿಮ್ಮ ಮನ್ಯಾಗಿನಾಕಿ ಆಗ್ಲಿ."

ಅವನು ನಕ್ಕು ಎದ್ದು ಹೋದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ ಎಂಬುದೇ ನನ್ನನ್ನು ಹೆಚ್ಚು ಉರಿಸಿತು. ಹೂ ಕಟ್ಟುವ ಹೆಂಗಸರನ್ನು ನಾನು ಬಲ್ಲೆ. ಅವರಲ್ಲಿ ಅರ್ಧ ಜನ ನನ್ನ ಗಿರಾಕಿಗಳೇ. ಆದರೂ ನನಗೆ ಹೊಸ್ತಿಲಲ್ಲಿ ನಿಂತು ಚಹಾ ಕುಡಿಯುವ ಬಸುರಿಯೇ ಕಣ್ಣಿಗೆ ಕಾಣುತ್ತಿದ್ದಳು. ಅಂಗಡಿ ತೆರೆಯಲಿಲ್ಲ.

ಹುಣ್ಣಿಮೆಗೆ ಮೂರು ದಿನವಿರುವಾಗ, ಬಸಲಿಂಗಪ್ಪನ ಹೆಂಡತಿ ಶಿವಲೀಲಾ ಬಂದಳು. ಅವಳೂ ನಡೆದೇ ಬಂದಳು, ಸೀರೆಯ ಮೇಲೆ ಗಂಡನ ಸ್ವೆಟರ್ ತೊಟ್ಟು. ನಾಲ್ಕು ಮಾತಾಡಿದರೆ ಎರಡು ನುಂಗುವ ಹೆಣ್ಣುಮಗಳು, ಆದರೆ ಅಂದು ಮುಖ ಅರಳಿತ್ತು.

"ಪಾರಕ್ಕಾ, ನನಗೊಂದು ಕೆಂಪು ದಾರದ ಉಂಡಿ ಕೊಡಬೇಕು. ಇಲ್ಲನಬ್ಯಾಡ. ಮನ್ಯಾಗ ಕುಂದ್ರಾಕ ಆಗವಲ್ದು ಅಷ್ಟು ಥಂಡಿ. ಇನ್ನ ಒಂದ ಸಾಲು, ಆಮ್ಯಾಲೆ ಉಡಿ ತುಂಬಿಬಿಡ್ತೀನಿ."

"ಯಾವಾಗ ಶುರುಮಾಡಿದಿ ತಂಗೀ?"

"ಮೊನ್ನಿ ಅಮಾಸಿಗೆ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಕ್ಕಳು. "ನಮ್ಮ ಮನಿಯವರು ಟ್ರಂಕಿನ್ಯಾಗ ಕದ್ದು ಮುಚ್ಚಿ ತುಂಡು ಕೂಡಿಸಿ ಇಟ್ಟಿದ್ರು. ನಾ ಟ್ರಂಕು ಒರಸಾಕ ಹೋದಾಗ ಸಿಕ್ತು. ಮದಿವ್ಯಾಗಿ ಇಷ್ಟು ವರ್ಷಾತು, ಒಂದು ಕುಬಸದ ತುಂಡು ತಂದಾವರಲ್ಲ. ನನಗಂತ ಕೌದಿ ಬಟ್ಟಿ ಕೂಡಸ್ಯಾರ ಅಂದ್ರ ನೋಡ! ನಾ ಏನೂ ಅನ್ನಲಿಲ್ಲ, ಸುಮ್ಮನ ಹೊಲಿಯಾಕ ಕುಂತೆ. ಅವರು ಬಂದು ನೋಡಿ ಬಾಯಿ ತಗದವರು ಹಂಗ ನಿಂತ್ರು. ಖುಷಿಗೇ ಮಾತು ಹೊಂಡವಲ್ದು ಅನಸ್ತು ನನಗ. ಎಲ್ಲಾ ಹಚ್ಚೀನಿ. ಉಡಿ ತುಂಬಾಕ ಒಂದ ತುಂಡು ಉಳಿಸೀನಿ."

"ಯಾವ ಬಟ್ಟಿ?" ಎಂದು ಕೇಳಿದೆ. ಕೇಳಬಾರದಿತ್ತು. ಉತ್ತರ ನನಗೆ ಗೊತ್ತಿತ್ತು.

"ಅರಿಶಿಣ ಚೌಕಡಿ."

ನನಗೆ ನಗು ಬರಬೇಕಿತ್ತು. ಬಚ್ಚಿಟ್ಟ ಬಟ್ಟೆಯೇ ಅವನ ಮನೆಯನ್ನು ತಣ್ಣಗೆ ಮಾಡಿದೆ. ಅದು ಏಕೆ ತಂದದ್ದು ಎಂದು ಹೆಂಡತಿಗೆ ಹೇಳುವ ಬಾಯಿ ಅವನಿಗಿಲ್ಲ. ನಮ್ಮೂರಿನ ಹೆಂಗಸಿನ ಕಣ್ಣಿಗೆ ಬಿದ್ದ ಬಟ್ಟೆ ಸುಮ್ಮನೆ ಮಡಚಿಕೊಂಡು ಕೂತಿರುತ್ತದೆಯೇ? ಮಾಡಿದ್ದುಣ್ಣೋ ಮಹಾರಾಯ. ಆದರೆ ಅವಳ ಮುಖ ನೋಡಿ ನಗಲಾಗಲಿಲ್ಲ. ಅವಳ ಸಂತೋಷವನ್ನು ಮುರಿಯುವ ಹಕ್ಕು ನನಗಿರಲಿಲ್ಲ. ಯಾರು ಕೊಂಡರೆಂದು ಹೇಳುವ ಹಾಗೂ ಇರಲಿಲ್ಲ.

"ತಂಗೀ, ನಾ ಅಂಗಡಿ ಯಾಕ ಮುಚ್ಚೀನಿ ಗೊತ್ತೈತೇನು?"

"ನಂದು ಫೋನೆಲ್ಲೈತಿ ಅಕ್ಕಾ? ಅವರ ಕಡೆ ಇರ್ತೈತಿ. ಏನೋ ಮಂದಿ ಕೂಡ ಜಗಳ ಅಂದ್ರು."

ನಾನು ಫೋನಿನಲ್ಲಿ ಬರೆದಿದ್ದನ್ನು ಅವಳ ಮುಂದೆ ಹಿಡಿದೆ. ಅವಳು ನಿಧಾನಕ್ಕೆ, ತುಟಿ ಅಲ್ಲಾಡಿಸುತ್ತ ಓದಿದಳು. ಮತ್ತೆ ಮೊದಲಿನಿಂದ ಓದಿದಳು. ಮುಖದ ನಗು ಒಮ್ಮೆಲೆ ಹೋಗಲಿಲ್ಲ. ಮೊದಲು ಕಣ್ಣಿನಿಂದ ಹೋಯಿತು, ಆಮೇಲೆ ತುಟಿಯಿಂದ.

"ತುಂಗವ್ವಗ ಬೇಕಾಗಿದ್ದು ಇದ ಬಟ್ಟಿ ಅಂತ ನಮ್ಮ ಮನಿಯವರಿಗೆ ಗೊತ್ತೈತೇನು?"

"ಊರಿಗೇ ಗೊತ್ತೈತಿ."

ಅವಳು ಗಂಡನ ಸ್ವೆಟರನ್ನು ಬಿಚ್ಚಿ, ಅಚ್ಚುಕಟ್ಟಾಗಿ ಮಡಚಿ, ತೊಡೆಯ ಮೇಲಿಟ್ಟುಕೊಂಡಳು. ನಾನು ಕೆಂಪು ದಾರದ ಉಂಡೆ ಮುಂದಿಟ್ಟೆ. "ಇರ್ಲಿ ಅಕ್ಕಾ," ಎಂದು ಎದ್ದಳು. "ಈಗ ಅವಸರಿಲ್ಲ." ಅವಳ ಹಿಂದೆ ಓಡಿಹೋಗಿ ತಬ್ಬಿಕೊಳ್ಳಬೇಕೆನಿಸಿತು. ಅವಳ ನಡಿಗೆ ನೋಡಿ ಧೈರ್ಯ ಸಾಲಲಿಲ್ಲ.

ಮರುದಿನ ಬೆಳಿಗ್ಗೆ ತುಂಗವ್ವನ ಮನೆಯಿಂದ ಕರೆ ಬಂತು. ನಾನು ಹೋಗುವಷ್ಟರಲ್ಲಿ ಶಿವಲೀಲಾ ಹೊಸ್ತಿಲ ಒಳಗೆ ಕಾಲು ಮಡಚಿ ಕೂತಿದ್ದಳು. ಅವಳ ಅಂಗೈ ಮೇಲೆ ಅರಿಶಿನ ಚೌಕಡಿಯ ತುಂಡು. ತುಂಗವ್ವ ಅದನ್ನು ಮುಟ್ಟದೆ ನೋಡುತ್ತಿದ್ದಳು.

"ಇದು ನಿನ್ನ ಕೌದಿ ಉಡಿದಲ್ಲೇನ ಮಗಳ? ನಿನ್ನ ಮನಿ?"

"ನಮ್ಮ ಮನ್ಯಾಗ ಬಾಣಂತಿ ಇಲ್ಲವ್ವಾ. ಮಲ್ಲಿಗಿ ಬುಟ್ಟಿ ನಮ್ಮ ಪಡಸಾಲ್ಯಾಗ ಇಡ್ಲಿ. ಹೂವೂ ಬಾಡೂದಿಲ್ಲ, ಮಂದಿ ಹೊಟ್ಟಿ ಮ್ಯಾಲೂ ಬಡದಂಗಾಗೂದಿಲ್ಲ."

ಬಾಗಿಲಲ್ಲಿ ಬಸಲಿಂಗಪ್ಪ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಕಿವಿಯಲ್ಲಿ ಮಲ್ಲಿಗೆ ಇರಲಿಲ್ಲ. "ಲೀಲಾ, ನಾ ಏನಂದ್ರ…" ಎಂದು ಶುರುಮಾಡಿದ.

"ನಿಮ್ಮ ಸ್ವೆಟರ್ ಟ್ರಂಕಿನ್ಯಾಗ ಇಟ್ಟೀನ್ರಿ," ಎಂದಳು ಅವಳು, ತಿರುಗಿ ನೋಡದೆ. "ಇನ್ನ ಮ್ಯಾಲೆ ಬೇಕಾಗ್ತೈತಿ ನಿಮಗ." ಆಮೇಲೆ ನನ್ನ ಕಡೆ ತಿರುಗಿದಳು. "ಪಾರಕ್ಕಾ, ಮತ್ತ ಅರಿಶಿಣ ಚೌಕಡಿ ಬಂದ್ರ ನನಗೊಂದು ತಗದಿಡು. ನಾನ ರೊಕ್ಕಾ ಕೊಡ್ತೀನಿ. ಪ್ಯಾಕೆಟ್ಟಿನ ಮ್ಯಾಲೆ ನನ್ನ ಹೆಸರು ಬರಿ. ಶಿವಲೀಲಾ ಅಂತ, ದೊಡ್ಡದಾಗಿ ಬರಿ."

ಅಂಗಡಿ ತೆರೆದ ಮೇಲೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ.

ಹೂವಿನ ಹುಡುಗಿಯರು ಬುಟ್ಟಿಗಳನ್ನೆತ್ತಿ ಒಂದೊಂದಾಗಿ ಬಸಲಿಂಗಪ್ಪನ ಮನೆಗೆ ಸಾಗಿಸಿದರು. ಅವನೇ ಎರಡು ಬುಟ್ಟಿ ತಲೆಯ ಮೇಲೆ ಹೊತ್ತ. ಬುಟ್ಟಿಗಳೆಲ್ಲ ಹೋದ ಮೇಲೆ ಮನೆ ಇಷ್ಟು ದೊಡ್ಡದಿತ್ತೇ ಎಂದು ತುಂಗವ್ವನೇ ಸುತ್ತ ನೋಡಿದಳು. ಅವಳ ಬೆರಳು ಸೂಜಿ ಹಿಡಿಯುವಂತಿರಲಿಲ್ಲ. ನಾನು ದಾರ ಪೋಣಿಸಿ ಹೊಲಿದುಕೊಡುತ್ತೇನೆ ಎಂದರೆ ಕೊಡಲೊಲ್ಲಳು. ಹಲ್ಲು ಕಚ್ಚಿಕೊಂಡು, ಒಂದೊಂದು ಹೊಲಿಗೆಗೂ ಕೈ ಒಲೆಗೆ ಕಾಸಿಕೊಂಡು, ಮೂರು ಬದಿ ತಾನೇ ಹೊಲಿದಳು. ಶಿವಲೀಲಾ ಅಕ್ಕಿ, ಕೊಬ್ಬರಿ ಹಾಕಿದಳು. ಸರೂನನ್ನು ಕರೆತರಲು ಬಾಬುಸಾಬ ಆಗಲೇ ಆಟೋ ತೆಗೆದುಕೊಂಡು ಹೋಗಿದ್ದ. ಮನೆ ಬೆಚ್ಚಗಾಗುವ ಮೊದಲೇ ಹೋಗಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವ ಜಾತಿ ಅವನದು. ಆದರೆ ಅಂದು ನಾನು ಬೈಯಲಿಲ್ಲ.

ಸರೂ ಬಂದು ಅಭ್ಯಾಸದಂತೆ ಹೊಸ್ತಿಲಲ್ಲೇ ನಿಂತಳು. ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ, ಒಂದು ಕೈ ಹೊಟ್ಟೆಯ ಮೇಲೆ. ತುಂಗವ್ವ ತಲೆಯೆತ್ತಿ ಮಗಳನ್ನು ನೋಡಿದಳು, ಮತ್ತೆ ತಲೆ ತಗ್ಗಿಸಿ ಕೊನೆಯ ಹೊಲಿಗೆ ಹಾಕಿ ದಾರವನ್ನು ಹಲ್ಲಿನಿಂದ ಕಡಿದಳು.

ಮೊದಲು ಗೂಡಿನಲ್ಲಿದ್ದ ಎಣ್ಣೆಯ ಬಾಟಲಿ ನೋಡಿದೆವು. ಬಿಳಿಯ ಗಡ್ಡೆ ಅಂಚಿನಲ್ಲಿ ಸಡಿಲಾಗಿ, ನಿಧಾನಕ್ಕೆ ಒಂದು ಪಕ್ಕಕ್ಕೆ ವಾಲಿತು. ಗೋಡೆಗಳು ಬೆವರಿದವು. ಐದು ವರ್ಷದ ಬೇಸಿಗೆಗಳೆಲ್ಲ ಹೊರಗೆ ಸಾಲುಗಟ್ಟಿ ಕಾದಿದ್ದು ಒಟ್ಟಿಗೆ ಒಳಗೆ ನುಗ್ಗಿದವೋ ಏನೋ, ಅಷ್ಟು ಶೆಖೆ. ಸರೂ ಹೊಸ್ತಿಲು ದಾಟಿ ಒಂದು ಹೆಜ್ಜೆ ಇಟ್ಟು ನಿಂತಳು. ಉಸಿರೆಳೆದು ನೋಡಿದಳು. ಇನ್ನೊಂದು ಹೆಜ್ಜೆ ಇಟ್ಟಳು. ಆಮೇಲೆ ನೇರ ಹೋಗಿ ಅವ್ವನ ಪಕ್ಕದಲ್ಲಿ, ಆ ಕೌದಿಯ ಮೇಲೆಯೇ, ಉಸ್ಸೆಂದು ಅಡ್ಡಾದಳು.

ತುಂಗವ್ವ ಟೋಪಿ ತೆಗೆದಳು. ಕಂಬಳಿ ಸರಿಸಿದಳು. ಹಣೆಯಿಂದ ಒಂದು ಹನಿ ಬೆವರು ಇಳಿದು ಮೂಗಿನ ತುದಿಯಲ್ಲಿ ನಿಂತಿತು. ಅದನ್ನು ಒರೆಸಿಕೊಳ್ಳದೆ, ಮಗಳ ತಲೆ ನೇವರಿಸುತ್ತ, ನನ್ನನ್ನು ಗದರಿದಳು.

"ಏ ಪಾರೀ, ಏನ ನೋಡ್ಕೋತ ನಿಂತಿ? ಶೆಕಿಗೆ ಜೀವಾ ಹೋಗಾಕತ್ತೈತಿ. ನಿನ್ನ ಫೋನಿನ್ಯಾಗ ಒಂದು ಫ್ಯಾನ್ ತರಸ!"